ಡಿವಿಷನ್ ಮೊದಲು, ತೋಟ ಆಮೇಲೆ, ಪಿಸ್ತೂಲು ಕೊನೆಗೆ

ಪ್ರಾಕ್ಟಿಕಲ್ ಶೂಟಿಂಗ್‌ಗೆ ಇಳಿಯಲು ಹೊರಟವರು ಎಲ್ಲಕ್ಕಿಂತ ಮೊದಲು ಕೇಳುವುದು ‘ಯಾವ ಪಿಸ್ತೂಲು ಕೊಳ್ಳಲಿ?’ ಎಂದು. ಅಂಗಡಿಯಲ್ಲಿ ಕೈಗೆ ಹಿತವಾಗಿ ಕಂಡದ್ದನ್ನು ತಂದುಬಿಡುತ್ತಾರೆ, ಅದು ಯಾವ ವಿಭಾಗಕ್ಕೆ ಸೇರುತ್ತದೆ ಎಂದು ವಿಚಾರಿಸುವುದು ಆಮೇಲೆ. ಆರು ತಿಂಗಳಲ್ಲಿ ಅದನ್ನು ಮಾರಿ ಇನ್ನೊಂದನ್ನು ಕೊಳ್ಳುವ ಸ್ಥಿತಿ ಬರುತ್ತದೆ. ನನ್ನ ಸಲಹೆ ಇದಕ್ಕೆ ತದ್ವಿರುದ್ಧ. ಯಾವ ಡಿವಿಷನ್‌ನಲ್ಲಿ ಆಡುತ್ತೀರಿ ಎಂಬುದನ್ನು ಮೊದಲು ಗಟ್ಟಿಮಾಡಿಕೊಳ್ಳಿ. ಆಗ ತೋಟಕ್ಕೆ (ಕಾರ್ಟ್ರಿಜ್‌ಗೆ) ಎಷ್ಟು ಬಲ ಬೇಕು ಎಂಬುದು ತಾನಾಗಿ ತಿಳಿಯುತ್ತದೆ. ಇವೆರಡೂ ತಿಳಿದ ಮೇಲೆ ಉಳಿಯುವ ಪಿಸ್ತೂಲುಗಳು ಬೆರಳೆಣಿಕೆಯಷ್ಟೇ, ಆರಿಸುವುದು ಸುಲಭ.

ಅಮೆರಿಕದಲ್ಲಿ ನೆಲೆಸಿ, ವಾರಾಂತ್ಯದ ಹವ್ಯಾಸವಾಗಿ ಈ ಆಟವನ್ನು ಹಿಡಿಯಬೇಕೆಂದಿರುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಕಾನೂನಿನ ಮಾತನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ನಮ್ಮವರಲ್ಲಿ ಅನೇಕರು ಇಲ್ಲೇ ಎಡವುತ್ತಾರೆ. ಎಚ್-1ಬಿ, ಎಲ್-1, ಎಫ್-1 ಮುಂತಾದ ತಾತ್ಕಾಲಿಕ ವೀಸಾದ ಮೇಲೆ ಬಂದವರು ಬಂದೂಕನ್ನಾಗಲಿ ತೋಟವನ್ನಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸುತ್ತದೆ. ರೇಂಜ್‌ನಲ್ಲಿ ಬಾಡಿಗೆ ಪಿಸ್ತೂಲು ಹಿಡಿದರೂ ಈ ನಿಷೇಧ ಅನ್ವಯಿಸುತ್ತದೆ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿ ಉಂಟು. ಆದರೆ ಅದನ್ನು ನೆಚ್ಚಿಕೊಳ್ಳುವ ಮುನ್ನ ವಕೀಲರೊಬ್ಬರನ್ನು ಕೇಳುವುದು ಒಳ್ಳೆಯದು, ಇಲ್ಲಿ ತಪ್ಪಿದರೆ ವಲಸೆಯ ದಾರಿಯೇ ಮುಚ್ಚಿಹೋದೀತು. ಗ್ರೀನ್ ಕಾರ್ಡ್ ಇರುವವರಿಗೆ ಈ ತೊಡಕಿಲ್ಲ. 21 ವರ್ಷ ತುಂಬಿದವರು ಪರವಾನಗಿ ಪಡೆದ ಅಂಗಡಿಯಲ್ಲಿ ಹಿನ್ನೆಲೆ ತಪಾಸಣೆ ಮುಗಿಸಿ ಪಿಸ್ತೂಲು ಕೊಳ್ಳಬಹುದು. ರಾಜ್ಯದ ಕಾನೂನು ಬೇರೆಯೇ ಇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಮ್ಯಾಗಝಿನ್‌ಗೆ 10 ತೋಟದ ಮಿತಿ ಇದೆ, ಅಂಗಡಿಯವರು ಹೊಸದಾಗಿ ಮಾರಬಹುದಾದ ಪಿಸ್ತೂಲುಗಳ ಸರಕಾರಿ ಪಟ್ಟಿಯೂ ಇದೆ.

ಊರಿನಲ್ಲಿ ಕುಳಿತು ಓದುತ್ತಿರುವವರಿಗೂ ಒಂದು ಮಾತು. ಭಾರತದಲ್ಲಿ 9 ಎಂ.ಎಂ. ಪಿಸ್ತೂಲು ನಿಷೇಧಿತ ಬೋರ್. ಪರವಾನಗಿಯಿಲ್ಲದೆ ತೋಟ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ 2029ರವರೆಗೆ ಮುಂದುವರಿದಿರುವ ಪರವಾನಗಿಯ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಮಾತ್ರ, ತೋಟ ತಯಾರಿಸುವುದಕ್ಕಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಬೆಳೆದವರಿಗೆ ಈ ಆಟದ ಸೊಗಸು ಬೇಗ ಅರ್ಥವಾಗುತ್ತದೆ, ಆದರೂ ಮುಂದೆ ಬರುವ ತೋಟ ಕಟ್ಟುವ ಭಾಗ ಅವರಿಗೆ ಓದುವುದಕ್ಕಷ್ಟೇ.

ಆಟ ಏನು

ನಮಗೆ ಪರಿಚಿತವಾದ ಪಿಸ್ತೂಲು ಸ್ಪರ್ಧೆ ಒಲಿಂಪಿಕ್ಸ್‌ನದು. ಬೆಂಗಳೂರಿನ ಪ್ರಕಾಶ್ ನಂಜಪ್ಪ 2013ರಲ್ಲಿ ಚಾಂಗ್ವಾನ್ ವಿಶ್ವಕಪ್‌ನಲ್ಲಿ ಕಂಚು ಗೆದ್ದ 10 ಮೀಟರ್ ಏರ್ ಪಿಸ್ತೂಲ್ ಆ ಜಾತಿಗೆ ಸೇರಿದ್ದು: ನಿಂತ ಜಾಗ ಒಂದೇ, ಗುರಿ ಒಂದೇ, ಉಸಿರು ಬಿಗಿಹಿಡಿದು ಒಂದೊಂದೇ ಗುಂಡು. ಪ್ರಾಕ್ಟಿಕಲ್ ಶೂಟಿಂಗ್‌ನಲ್ಲಿ ಓಡಬೇಕು, ಬಾಗಬೇಕು, ಗೋಡೆಯ ಮರೆಯಿಂದ ಇಣುಕಬೇಕು, ಓಡುತ್ತಲೇ ಮ್ಯಾಗಝಿನ್ ಬದಲಿಸಬೇಕು. ಕಾಗದದ ಗುರಿಗಳಿರುತ್ತವೆ, ಬೀಳಿಸಬೇಕಾದ ಉಕ್ಕಿನ ಫಲಕಗಳಿರುತ್ತವೆ, ಹೊಡೆಯಬಾರದ ಗುರಿಗಳೂ ನಡುವೆ ನಿಂತಿರುತ್ತವೆ. ಎಲ್ಲವೂ ಟೈಮರಿನ ಲೆಕ್ಕದಲ್ಲಿ.

1950ರ ದಶಕದ ಕ್ಯಾಲಿಫೋರ್ನಿಯಾದಲ್ಲಿ ಜೆಫ್ ಕೂಪರ್ ಮತ್ತು ಅವರ ಒಡನಾಡಿಗಳು ನಡೆಸುತ್ತಿದ್ದ ಪಂದ್ಯಗಳೇ ಇದರ ಬೇರು. 1976ರ ಮೇ ತಿಂಗಳಲ್ಲಿ ಮಿಸೌರಿಯ ಕೊಲಂಬಿಯಾದಲ್ಲಿ ಸಭೆ ಸೇರಿ ಅಂತರರಾಷ್ಟ್ರೀಯ ಸಂಸ್ಥೆ ಐಪಿಎಸ್‌ಸಿಯನ್ನು ಕಟ್ಟಿದರು, ಕೂಪರ್ ಮೊದಲ ಅಧ್ಯಕ್ಷರಾದರು. ಅದರ ಅಮೆರಿಕನ್ ಅಂಗ ಯುಎಸ್‌ಪಿಎಸ್‌ಎ 1984ರಲ್ಲಿ ಹುಟ್ಟಿತು. ಐಪಿಎಸ್‌ಸಿಯ ಲ್ಯಾಟಿನ್ ಧ್ಯೇಯವಾಕ್ಯದಲ್ಲಿರುವುದು ಮೂರೇ ಪದ: ನಿಖರತೆ, ಬಲ, ವೇಗ. ಇದು ಬರೀ ಅಲಂಕಾರವಲ್ಲ. ಅಂಕ ಕೊಡುವ ಇಡೀ ಪದ್ಧತಿ ಈ ಮೂರರ ಮೇಲೆಯೇ ನಿಂತಿದೆ.

ಆ ಪದ್ಧತಿ ಹೀಗಿದೆ. ಕಾಗದದ ಗುರಿಯ ನಡುಭಾಗ ಎ ವಲಯ, ಅಲ್ಲಿ ಬಿದ್ದ ಗುಂಡಿಗೆ ಯಾವಾಗಲೂ 5 ಅಂಕ. ಅದರಾಚೆಯ ಸಿ ವಲಯಕ್ಕೆ ‘ಮೇಜರ್’ ಬಲದ ತೋಟವಾದರೆ 4, ‘ಮೈನರ್’ ಆದರೆ 3. ಅಂಚಿನ ಡಿ ವಲಯಕ್ಕೆ ಕ್ರಮವಾಗಿ 2 ಮತ್ತು 1. ಗುರಿ ತಪ್ಪಿದರೆ 10 ಅಂಕ ಕಡಿತ, ಹೊಡೆಯಬಾರದ ಗುರಿಗೆ ತಗುಲಿದರೂ ಅಷ್ಟೇ. ಬಂದ ಅಂಕವನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸಿದರೆ ಸಿಗುವ ಸಂಖ್ಯೆಗೆ ಹಿಟ್ ಫ್ಯಾಕ್ಟರ್ ಎನ್ನುತ್ತಾರೆ.

24 ಗುಂಡುಗಳ ಒಂದು ಸ್ಟೇಜ್, ಅಂದರೆ ಪಂದ್ಯದ ಒಂದು ಸುತ್ತು, ಇದೆಯೆನ್ನಿ, ಪೂರ್ಣ ಅಂಕ 120. ಒಬ್ಬರು ಎಲ್ಲವನ್ನೂ ಎ ವಲಯಕ್ಕೇ ಹೊಡೆದು 20 ಸೆಕೆಂಡ್ ತೆಗೆದುಕೊಂಡರು, ಅವರ ಹಿಟ್ ಫ್ಯಾಕ್ಟರ್ 6. ಇನ್ನೊಬ್ಬರು ಮೈನರ್ ತೋಟದಲ್ಲಿ 16 ಎ, 8 ಸಿ ಹೊಡೆದು 17 ಸೆಕೆಂಡಿನಲ್ಲಿ ಮುಗಿಸಿದರು. 104 ಅಂಕ, 6.12. ಕೂದಲೆಳೆಯಷ್ಟು ಮುಂದೆ. ಅದೇ ಗುಂಡುಗಳು ಮೇಜರ್ ತೋಟದವಾಗಿದ್ದರೆ 112 ಅಂಕ, 6.59. ಕಾಗದದ ಮೇಲಿನ ತೂತುಗಳೂ ಅವೇ, ಸಮಯವೂ ಅದೇ, ಬದಲಾದದ್ದು ತೋಟದ ಬಲ ಮಾತ್ರ. ಪಿಸ್ತೂಲಿಗಿಂತ ಮೊದಲು ತೋಟದ ಬಗ್ಗೆ ಯೋಚಿಸಿ ಎಂದು ನಾನು ಒತ್ತಿ ಹೇಳುವುದಕ್ಕೆ ಈ ಲೆಕ್ಕವೇ ಕಾರಣ.

ಆ ಬಲವನ್ನು ಅಳೆಯುವುದು ಪವರ್ ಫ್ಯಾಕ್ಟರ್‌ನಿಂದ. ಗುಂಡಿನ ತೂಕವನ್ನು ಗ್ರೇನ್‌ನಲ್ಲಿ, ವೇಗವನ್ನು ಸೆಕೆಂಡಿಗೆ ಇಷ್ಟು ಅಡಿ ಎಂದು ಹಿಡಿದು, ಗುಣಿಸಿ, ಸಾವಿರದಿಂದ ಭಾಗಿಸಿ. ಯುಎಸ್‌ಪಿಎಸ್‌ಎಯಲ್ಲಿ ಮೈನರ್‌ಗೆ ಕನಿಷ್ಠ 125, ಮೇಜರ್‌ಗೆ 165 ಬೇಕು. ಐಪಿಎಸ್‌ಸಿಯಲ್ಲಿ ಮೈನರ್ ಅಷ್ಟೇ, ಮೇಜರ್ ಮಾತ್ರ ಓಪನ್‌ನಲ್ಲಿ 160, ಸ್ಟ್ಯಾಂಡರ್ಡ್‌ನಲ್ಲಿ 170. ಹೊರದೇಶದ ಪಂದ್ಯಕ್ಕೆ ಹೋಗುವವರು ಈ ವ್ಯತ್ಯಾಸ ನೆನಪಿಟ್ಟುಕೊಳ್ಳಬೇಕು.

ಡಿವಿಷನ್ ಆರಿಸುವುದು

ಓಪನ್ ವಿಭಾಗದಲ್ಲಿ ಬಹುತೇಕ ಎಲ್ಲಕ್ಕೂ ಅವಕಾಶವಿದೆ: ಕೆಂಪು ಚುಕ್ಕೆಯ ಡಾಟ್ ಸೈಟ್, ನಳಿಗೆಯ ತುದಿಯಲ್ಲಿ ಅನಿಲವನ್ನು ಮೇಲಕ್ಕೆ ಬಿಟ್ಟು ಪಿಸ್ತೂಲು ಎಗರದಂತೆ ತಡೆಯುವ ಕಾಂಪೆನ್ಸೇಟರ್, 170 ಮಿ.ಮೀ. ಉದ್ದದ ಮ್ಯಾಗಝಿನ್. ಲಿಮಿಟೆಡ್‌ನಲ್ಲಿ ಡಾಟ್ ಇಲ್ಲ, ಕಬ್ಬಿಣದ ಸೈಟ್‌ಗಳೇ, ಮ್ಯಾಗಝಿನ್ 140 ಮಿ.ಮೀ. ಅಲ್ಲಿ ಮೇಜರ್ ಅಂಕ ಬೇಕಿದ್ದರೆ ಗುಂಡಿನ ವ್ಯಾಸ ಕನಿಷ್ಠ .40 ಇಂಚು ಇರಲೇಬೇಕು. ಪ್ರೊಡಕ್ಷನ್, ಕ್ಯಾರಿ ಆಪ್ಟಿಕ್ಸ್, 2023ರಲ್ಲಿ ಬಂದ ಲಿಮಿಟೆಡ್ ಆಪ್ಟಿಕ್ಸ್, ಈ ಮೂರರಲ್ಲಿ ಎಲ್ಲರಿಗೂ ಮೈನರ್ ಅಂಕವೇ. ಎಷ್ಟೇ ಬಲದ ತೋಟ ಹಾಕಿದರೂ ಸಿ ವಲಯಕ್ಕೆ 3. ಸಿಂಗಲ್ ಸ್ಟ್ಯಾಕ್ ಮತ್ತು ರಿವಾಲ್ವರ್ ಹಳೆಯ ಆಯುಧಗಳನ್ನು ಪ್ರೀತಿಸುವವರಿಗೆ, ಮೊದಲ ವರ್ಷಕ್ಕಲ್ಲ.

ಹೊಸಬರಿಗೆ ನನ್ನ ಉತ್ತರ ಸ್ಪಷ್ಟ: ಕ್ಯಾರಿ ಆಪ್ಟಿಕ್ಸ್, ಇಲ್ಲವೇ ಪ್ರೊಡಕ್ಷನ್. ಎಲ್ಲರಿಗೂ ಮೈನರ್ ಅಂಕವಾದ್ದರಿಂದ ಬಲದ ಪೈಪೋಟಿಯೇ ಇಲ್ಲ, 9 ಎಂ.ಎಂ. ಸಾಕು. ಅದು ಎಲ್ಲೆಡೆ ಸಿಗುವ, ಅಗ್ಗದ ತೋಟ. ನಲವತ್ತು ದಾಟಿ ಹತ್ತಿರದ ದೃಷ್ಟಿ ಮಸುಕಾಗತೊಡಗಿದವರಿಗೆ ಕ್ಯಾರಿ ಆಪ್ಟಿಕ್ಸ್‌ನ ಡಾಟ್ ದೊಡ್ಡ ಆಸರೆ, ಕಣ್ಣು ಗುರಿಯ ಮೇಲೇ ಇದ್ದರೆ ಸಾಕು. ಮ್ಯಾಗಝಿನ್‌ಗೆ 10ರ ಮಿತಿ ಇರುವ ರಾಜ್ಯದವರು ಕ್ಯಾರಿ ಆಪ್ಟಿಕ್ಸ್‌ನಲ್ಲಿ ಹೊರರಾಜ್ಯದವರಿಗಿಂತ ಹಿಂದುಳಿಯುತ್ತಾರೆ, ಅವರಿಗೆ ಲಿಮಿಟೆಡ್ 10 ಹೆಚ್ಚು ನ್ಯಾಯ. ನಿಯಮಗಳು ಆಗಾಗ ಬದಲಾಗುತ್ತವೆ. ಕೊಳ್ಳುವ ಮುನ್ನ ಆ ವರ್ಷದ ನಿಯಮಪುಸ್ತಕವನ್ನು, ಅದರ ಕೊನೆಯ ಪಟ್ಟಿಗಳನ್ನೂ ಸೇರಿಸಿ, ಓದಿ.

ಈಗ ಪಿಸ್ತೂಲು. ಎರಡು ದಾರಿಗಳಿವೆ. ಗ್ಲಾಕ್ 34, ವಾಲ್ಥರ್ ಪಿಡಿಪಿ, ಸಿಗ್ ಪಿ320ಯಂಥ ಪಾಲಿಮರ್ ಚೌಕಟ್ಟಿನ, ಹ್ಯಾಮರ್ ಇಲ್ಲದ ಪಿಸ್ತೂಲುಗಳು ಒಂದು ಕಡೆ. ಹಗುರ, ಬೆಲೆ ಕಡಿಮೆ, ಮೊದಲ ಗುಂಡಿಗೂ ಕೊನೆಯ ಗುಂಡಿಗೂ ಟ್ರಿಗರ್ ಒಂದೇ ರೀತಿ. ಇನ್ನೊಂದು ಕಡೆ ಸಿಝಡ್ ಶ್ಯಾಡೋ 2, ಟಾನ್‌ಫೋಲಿಯೋ ಸ್ಟಾಕ್ ಮಾದರಿಯ ಉಕ್ಕಿನ ಪಿಸ್ತೂಲುಗಳು. ಶ್ಯಾಡೋ 2ರ ತೂಕ ಸುಮಾರು 1.3 ಕಿಲೋ. ಆ ತೂಕವೇ ಅದರ ಗುಣ, ಹೊಡೆದಾಗ ಮೂತಿ ಕಡಿಮೆ ಎಗರುತ್ತದೆ, ಸೈಟ್ ಬೇಗ ಗುರಿಗೆ ಮರಳುತ್ತದೆ. ಆದರೆ ಪ್ರೊಡಕ್ಷನ್‌ನಲ್ಲಿ ಹ್ಯಾಮರ್ ಕೆಳಗಿಳಿಸಿಯೇ ಆರಂಭಿಸಬೇಕು. ಹಾಗಾಗಿ ಮೊದಲ ಗುಂಡಿಗೆ ಟ್ರಿಗರಿನ ಎಳೆತ ಉದ್ದ ಮತ್ತು ಭಾರ, ಎರಡನೆಯದರಿಂದ ಹಗುರ. ಈ ಬದಲಾವಣೆಗೆ ಬೆರಳು ಪಳಗಲು ತಿಂಗಳುಗಳೇ ಬೇಕು.

ತೂಕಕ್ಕಿಂತ ಮುಖ್ಯವಾದದ್ದನ್ನು ಅಂಗಡಿಯಲ್ಲೇ ಪರೀಕ್ಷಿಸಿ. ಪಿಸ್ತೂಲು ಖಾಲಿ ಇದೆ ಎಂಬುದನ್ನು ನೀವೇ ಕಣ್ಣಾರೆ ನೋಡಿ ಖಚಿತಪಡಿಸಿಕೊಂಡು, ಎರಡೂ ಕೈಯಲ್ಲಿ ಹಿಡಿಯಿರಿ. ಹಿಡಿತ ಸಡಿಲಿಸದೆ ತೋರುಬೆರಳಿನ ಮೊದಲ ಗಿಣ್ಣಿನ ಮುಂದಿನ ಭಾಗ ಟ್ರಿಗರಿನ ಮೇಲೆ ಕೂರಬೇಕು. ಅದಕ್ಕಾಗಿ ಕೈ ತಿರುಗಿಸಬೇಕಾಗಿ ಬಂದರೆ ಆ ಪಿಸ್ತೂಲು ನಿಮ್ಮದಲ್ಲ, ಅದನ್ನು ಹಿಡಿದು ಎಂಥ ಚಾಂಪಿಯನ್ ಗೆದ್ದಿದ್ದರೂ ಸರಿ. ನಮ್ಮಲ್ಲಿ ಅನೇಕರ, ವಿಶೇಷವಾಗಿ ಹೆಂಗಸರ, ಅಂಗೈ ಚಿಕ್ಕದು. ಹಿಡಿಕೆಯ ಹಿಂಬದಿ ಬದಲಿಸಬಹುದಾದ ಮಾದರಿಗಳು ಅವರಿಗೆ ಅನುಕೂಲ. ಮಿಕ್ಕ ಹಣವನ್ನು ಗಟ್ಟಿ ಬೆಲ್ಟ್, ಟ್ರಿಗರನ್ನು ಪೂರ್ತಿ ಮುಚ್ಚುವ ಹೋಲ್‌ಸ್ಟರ್, ನಾಲ್ಕೈದು ಮ್ಯಾಗಝಿನ್, ಕಿವಿ ಮತ್ತು ಕಣ್ಣಿನ ರಕ್ಷಣೆಗೆ ಇಡಿ. ಟ್ರಿಗರ್ ಹಗುರ ಮಾಡಿಸುವ ಆಸೆಯನ್ನು ಮೊದಲ ವರ್ಷ ಬದಿಗಿಡಿ.

ಕಾರ್ಖಾನೆಯ ತೋಟವೇ? ಕೈಯಲ್ಲಿ ಕಟ್ಟಿದ್ದೇ?

ಮೊದಲ ವರ್ಷ ಕಾರ್ಖಾನೆಯ ತೋಟವನ್ನೇ ಹೊಡೆಯಿರಿ. 115 ಗ್ರೇನ್ ಗುಂಡಿನ ಸಾಮಾನ್ಯ 9 ಎಂ.ಎಂ. ತೋಟ ಮೈನರ್ ಗೆರೆಯನ್ನು ಸಾಮಾನ್ಯವಾಗಿ ಸಲೀಸಾಗಿ ದಾಟುತ್ತದೆ. ಹಣ ಉಳಿತಾಯವೇ ಉದ್ದೇಶವಾದರೆ 9 ಎಂ.ಎಂ. ತೋಟವನ್ನು ಮನೆಯಲ್ಲಿ ಕಟ್ಟುವುದರಿಂದ ಸಿಗುವ ಲಾಭ ಜನ ಅಂದುಕೊಂಡಷ್ಟು ದೊಡ್ಡದಲ್ಲ, ಪ್ರೈಮರ್‌ಗಳ ಬೆಲೆ ಏರಿದಾಗಲಂತೂ ಇನ್ನೂ ಕಡಿಮೆ. ಕೈಯಲ್ಲಿ ಕಟ್ಟುವುದರ ನಿಜವಾದ ಲಾಭ ಬೇರೆ: ನಿಮ್ಮ ಪಿಸ್ತೂಲಿಗೆ, ನಿಮ್ಮ ಕೈಗೆ ಒಪ್ಪುವ ಹದ.

ಆ ಹದ ಏನೆಂದು ಬಿಡಿಸಿ ಹೇಳುತ್ತೇನೆ. ಪವರ್ ಫ್ಯಾಕ್ಟರ್ 130ರ ಆಸುಪಾಸಿಗೆ ಹಲವು ದಾರಿಗಳಿವೆ. 115 ಗ್ರೇನ್ ಗುಂಡು 1130 ಅಡಿ ವೇಗದಲ್ಲಿ ಹೋಗಬಹುದು, 124 ಗ್ರೇನಿನದು 1050 ಅಡಿಯಲ್ಲಿ, 147 ಗ್ರೇನಿನದು 885 ಅಡಿಯಲ್ಲಿ. ಅಂಕದ ಲೆಕ್ಕದಲ್ಲಿ ಮೂರೂ ಹೆಚ್ಚುಕಡಿಮೆ ಒಂದೇ. ಕೈಗೆ ಮಾತ್ರ ಒಂದೇ ಅಲ್ಲ. ಭಾರದ ಗುಂಡಿಗೆ ಮದ್ದು ಕಡಿಮೆ ಸಾಕು, ಆದ್ದರಿಂದ ಮೂತಿಯಿಂದ ನುಗ್ಗುವ ಅನಿಲವೂ ಕಡಿಮೆ. ಒದೆತ ಮೆತ್ತಗೆ, ತಳ್ಳಿದ ಹಾಗೆ ಬರುತ್ತದೆ. ಹಗುರ ಗುಂಡಿನ ಒದೆತ ಚುರುಕು ಮತ್ತು ಚೂಪು. ಡಾಟ್ ಹಾಕಿದ ಪಿಸ್ತೂಲಿನಲ್ಲಿ 147ರ ಮೆತ್ತನೆಯ ನಡೆ ನನಗೆ ಇಷ್ಟ. ಸ್ಲೈಡ್ ಚುರುಕಾಗಿ ಮರಳಲಿ ಎನ್ನುವವರು 124ನ್ನು ಹಿಡಿಯುತ್ತಾರೆ, ಅದೂ ತಪ್ಪಲ್ಲ. ಓಪನ್‌ನಲ್ಲಿ ಲೆಕ್ಕ ತಲೆಕೆಳಗು. ಕಾಂಪೆನ್ಸೇಟರ್ ಕೆಲಸ ಮಾಡಲು ಅನಿಲ ಬೇಕಾದ್ದರಿಂದ ಅಲ್ಲಿ ಹಗುರ ಗುಂಡಿಗೆ ನಿಧಾನವಾಗಿ ಉರಿಯುವ ಮದ್ದನ್ನು ಹೆಚ್ಚು ಹಾಕುತ್ತಾರೆ. 1980ರ ದಶಕದ ಆರಂಭದಲ್ಲಿ ಅಮೆರಿಕದ ಸ್ಪರ್ಧಿ ರಾಬ್ ಲೀಥಮ್ .38 ಸೂಪರ್ ತೋಟವನ್ನೂ ಕಾಂಪೆನ್ಸೇಟರನ್ನೂ ಹಿಡಿದು ಗೆಲ್ಲತೊಡಗಿದ ಮೇಲೆ ಇದು ರೂಢಿಯಾಯಿತು. 9 ಎಂ.ಎಂ. ತೋಟವನ್ನೇ ಮೇಜರ್ ಬಲಕ್ಕೆ ಏರಿಸುವವರೂ ಇದ್ದಾರೆ. ಅದು ಆ ತೋಟದ ಪ್ರಮಾಣಿತ ಒತ್ತಡದ ಮಿತಿಯನ್ನು ಮೀರುವ ಕೆಲಸ, ಅದಕ್ಕೆಂದೇ ಕಟ್ಟಿದ ಪಿಸ್ತೂಲು ಮತ್ತು ವರ್ಷಗಳ ಅನುಭವ ಇಲ್ಲದವರು ಹತ್ತಿರ ಸುಳಿಯಬಾರದು.

ಅಮೆರಿಕದಲ್ಲಿ ಸ್ವಂತ ಬಳಕೆಗೆ ತೋಟ ಕಟ್ಟಲು ಫೆಡರಲ್ ಪರವಾನಗಿ ಬೇಡ, ಮಾರಾಟಕ್ಕೆ ಬೇಕು. ಸ್ನೇಹಿತರಿಗೆ ಕಟ್ಟಿಕೊಡುವ ಅಭ್ಯಾಸ ಇಟ್ಟುಕೊಳ್ಳಬೇಡಿ, ಕಾನೂನಿಗಿಂತ ಹೆಚ್ಚಾಗಿ ಅವರ ಬೆರಳುಗಳ ಚಿಂತೆಯಿಂದ ಹೇಳುತ್ತಿದ್ದೇನೆ. ಮನೆಯಲ್ಲಿ ಮದ್ದು ಇಡುವುದಕ್ಕೆ ಮಿತಿ ಉಂಟು. ಅಮೆರಿಕದ ಅಗ್ನಿಸುರಕ್ಷಾ ಸಂಹಿತೆಯ ಪ್ರಕಾರ ಮೂಲ ಡಬ್ಬಿಯಲ್ಲೇ 20 ಪೌಂಡ್‌ವರೆಗೆ, ಪ್ರೈಮರ್ 10,000ದವರೆಗೆ. ಅಪಾರ್ಟ್‌ಮೆಂಟಿನ ಬಾಡಿಗೆ ಕರಾರು ಇದಕ್ಕೂ ಬಿಗಿಯಾಗಿರಬಹುದು.

ತೋಟದ ಅಂಗಗಳು ನಾಲ್ಕು: ಹಿತ್ತಾಳೆಯ ಕೇಸ್, ಅದರ ಬುಡದ ಪ್ರೈಮರ್, ಒಳಗಿನ ಮದ್ದು, ಬಾಯಲ್ಲಿ ಕೂರುವ ಗುಂಡು. ಕಟ್ಟುವುದೆಂದರೆ ಹಾರಿದ ಕೇಸನ್ನು ತೊಳೆದು ಆರಿಸಿ, ಹಳೆಯ ಪ್ರೈಮರ್ ತೆಗೆದು, ಉಬ್ಬಿದ ಮೈಯನ್ನು ಮತ್ತೆ ಅಳತೆಗೆ ತಂದು, ಹೊಸ ಪ್ರೈಮರ್ ಕೂರಿಸಿ, ಬಾಯನ್ನು ತುಸು ಅಗಲಿಸಿ, ಮದ್ದು ಸುರಿದು, ಗುಂಡು ಇಳಿಸಿ, ಅಗಲಿಸಿದ ಬಾಯನ್ನು ಮತ್ತೆ ನೇರ ಮಾಡುವುದು. 9 ಎಂ.ಎಂ. ಕೇಸ್ ಚೇಂಬರಿನಲ್ಲಿ ತನ್ನ ಬಾಯಿಯ ಅಂಚಿನ ಆಧಾರದ ಮೇಲೆ ನಿಲ್ಲುತ್ತದೆ, ಅದಕ್ಕೇ ಕೊನೆಯ ಹಂತದಲ್ಲಿ ಬಾಯನ್ನು ಒಳಕ್ಕೆ ಮಡಿಸದೆ ಹಗುರವಾಗಿ ನೇರಗೊಳಿಸಿ ಬಿಡಬೇಕು.

ಈ ಕೆಲಸಕ್ಕೆ ಬೇಕಾದ ಯಂತ್ರವೇ ಪ್ರೆಸ್. ಅದನ್ನು ಕೊಳ್ಳುವಾಗ ಬಹುತೇಕರು ಗಂಟೆಗೆ ನೂರಾರು ತೋಟ ಉದುರಿಸುವ ಪ್ರೋಗ್ರೆಸಿವ್ ಯಂತ್ರಕ್ಕೇ ಕೈಹಾಕುತ್ತಾರೆ. ಡಿಲನ್, ಹಾರ್ನಡಿ, ಲೀ ಎಲ್ಲರ ಬಳಿಯೂ ಅಂಥವಿವೆ. ಒಂದು ಸಲ ಹಿಡಿ ಎಳೆದರೆ ನಾಲ್ಕೈದು ಕೆಲಸ ಒಟ್ಟಿಗೆ ನಡೆಯುತ್ತವೆ. ಹೊಸಬರ ಕಣ್ಣು ಅಷ್ಟನ್ನೂ ಒಂದೇ ಕ್ಷಣದಲ್ಲಿ ಕಾಯಲಾರದು. ಪ್ರೋಗ್ರೆಸಿವ್ ಕೊಂಡರೂ ಮೊದಲ ಕೆಲವು ನೂರು ತೋಟಗಳನ್ನು ಒಂದೊಂದೇ ಕೇಸ್ ಹಾಕಿ, ಎಲ್ಲ ಹಂತ ದಾಟಿಸಿ, ಆಮೇಲೆ ಇನ್ನೊಂದು ಎಂಬಂತೆ ಕಟ್ಟಿ.

ಮದ್ದಿನ ಪ್ರಮಾಣವನ್ನು ನಾನಿಲ್ಲಿ ಬೇಕೆಂದೇ ಬರೆಯುತ್ತಿಲ್ಲ. ಅದನ್ನು ಮದ್ದು ತಯಾರಿಸುವ ಕಂಪನಿ ಅಥವಾ ಗುಂಡು ತಯಾರಿಸುವ ಕಂಪನಿ ಪ್ರಕಟಿಸಿದ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು. ಗೆಳೆಯರ ಬಾಯಿಂದ ಬೇಡ, ಲೇಖನದಿಂದಲೂ ಬೇಡ. ಅಲ್ಲಿ ಕೊಟ್ಟ ಆರಂಭದ ಪ್ರಮಾಣದಿಂದ ಶುರುಮಾಡಿ, ಸಣ್ಣ ಸಣ್ಣ ಮೆಟ್ಟಿಲಲ್ಲಿ ಏರಿಸುತ್ತಾ, ಪ್ರತಿ ಮೆಟ್ಟಿಲಿಗೂ ಕ್ರೋನೋಗ್ರಾಫ್‌ನಲ್ಲಿ ವೇಗ ಅಳೆಯಿರಿ. ಗುಂಡನ್ನು ಕೈಪಿಡಿ ಹೇಳಿದ್ದಕ್ಕಿಂತ ಆಳಕ್ಕೆ ಇಳಿಸಿದರೆ ಒಳಗಿನ ಜಾಗ ಕುಗ್ಗಿ ಒತ್ತಡ ಅಪಾಯಕಾರಿಯಾಗಿ ಏರುತ್ತದೆ. ಹಾಗೆಂದು ತೀರಾ ಹೊರಗಿಟ್ಟರೆ ಮ್ಯಾಗಝಿನ್‌ಗೆ ಹಿಡಿಸದು, ಕೆಲವು ನಳಿಗೆಗಳಲ್ಲಿ ಗುಂಡು ರೈಫ್ಲಿಂಗ್‌ಗೆ ತಾಗಿ ನಿಂತುಬಿಡುತ್ತದೆ. ಸಿಝಡ್‌ನ ಚೇಂಬರ್ ಇದಕ್ಕೆ ಹೆಸರುವಾಸಿ. ಪಿಸ್ತೂಲಿನಿಂದ ನಳಿಗೆ ಬಿಚ್ಚಿ, ಕಟ್ಟಿದ ತೋಟವನ್ನು ಅದರೊಳಗೆ ಬೀಳಿಸಿ ನೋಡಿ. ಟಕ್ಕೆಂದು ಕೂತು, ಸರಾಗವಾಗಿ ತಿರುಗಿ, ನಳಿಗೆ ಬೋರಲು ಹಾಕಿದರೆ ತಾನೇ ಉದುರಬೇಕು.

ಎರಡು ಅಪಾಯಗಳ ಬಗ್ಗೆ ಮಾತ್ರ ಎಷ್ಟು ಹೇಳಿದರೂ ಕಡಿಮೆ. ಮೊದಲನೆಯದು ಒಂದೇ ಕೇಸಿಗೆ ಎರಡು ಸಲ ಮದ್ದು ಬೀಳುವುದು. ಬೇಗ ಉರಿಯುವ ಕೆಲವು ಮದ್ದುಗಳು ಕೇಸಿನ ತಳದಲ್ಲಿ ಸ್ವಲ್ಪವೇ ಜಾಗ ಹಿಡಿಯುತ್ತವೆ, ಎರಡು ಪಟ್ಟು ಬಿದ್ದರೂ ಹೊರಕ್ಕೆ ಚೆಲ್ಲುವುದಿಲ್ಲ. ಅಂಥ ತೋಟ ಪಿಸ್ತೂಲನ್ನು ಕೈಯಲ್ಲೇ ಸಿಡಿಸಬಲ್ಲದು. ಆದ್ದರಿಂದ ಹೊಸಬರು ಅರ್ಧಕ್ಕಿಂತ ಹೆಚ್ಚು ಜಾಗ ತುಂಬುವ ಮದ್ದನ್ನೇ ಆರಿಸಲಿ, ಎರಡು ಪಟ್ಟು ಬಿದ್ದರೆ ಅದು ಉಕ್ಕಿ ತಾನೇ ಹೇಳುತ್ತದೆ. ಪ್ರೆಸ್ಸಿನ ಮೇಲೆ ಒಳ್ಳೆಯ ದೀಪ ಹಾಕಿ, ಗುಂಡು ಇಡುವ ಮುನ್ನ ಪ್ರತಿ ಕೇಸಿನ ಒಳಗೂ ಇಣುಕಿ ನೋಡಿ. ಎರಡನೆಯದು ಮದ್ದೇ ಬೀಳದಿರುವುದು. ಆಗ ಪ್ರೈಮರ್ ಒಂದೇ ಗುಂಡನ್ನು ತಳ್ಳಿ ನಳಿಗೆಯ ನಡುವೆ ಸಿಕ್ಕಿಸುತ್ತದೆ, ಹಿಂದೆಯೇ ಇನ್ನೊಂದು ಗುಂಡು ಹಾರಿಸಿದರೆ ನಳಿಗೆ ಒಡೆಯುತ್ತದೆ. ಶಬ್ದ ಎಂದಿಗಿಂತ ಪೇಲವವಾಗಿ ಕೇಳಿಸಿತೋ, ಅಲ್ಲಿಗೇ ನಿಲ್ಲಿಸಿ. ಸ್ಟೇಜ್ ಹಾಳಾಗಲಿ. ಪಿಸ್ತೂಲು ಖಾಲಿ ಮಾಡಿ, ನಳಿಗೆ ಬಿಚ್ಚಿ ನೋಡಿದ ಮೇಲೆಯೇ ಮುಂದಿನ ಮಾತು.

ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬಿ ಇರಲಿ. ಟಿವಿ, ಫೋನು, ಮಕ್ಕಳು ಆ ಕೋಣೆಯಿಂದ ದೂರ. ಯಾರಾದರೂ ಕರೆದು ಕೆಲಸ ಮಧ್ಯದಲ್ಲಿ ನಿಂತರೆ ಪ್ರೆಸ್ಸಿನ ಮೇಲಿರುವ ಕೇಸ್‌ಗಳನ್ನೆಲ್ಲ ತೆಗೆದು ಮೊದಲಿನಿಂದ ಶುರುಮಾಡಿ. ಪ್ರೈಮರಿನಲ್ಲಿ ಸೀಸದ ಸಂಯುಕ್ತ ಇರುತ್ತದೆ, ಕೇಸ್ ಶುಚಿಮಾಡುವಾಗ ಏಳುವ ಧೂಳಿನಲ್ಲೂ ಅದು ಇರುತ್ತದೆ. ಆ ಕೋಣೆಯಲ್ಲಿ ತಿನ್ನಬೇಡಿ, ಮುಗಿದೊಡನೆ ತಣ್ಣೀರಿನಲ್ಲಿ ಸೋಪು ಹಾಕಿ ಕೈ ತೊಳೆಯಿರಿ. ಎಳೆಮಕ್ಕಳಿರುವ ಮನೆಯವರು ಬಟ್ಟೆ ಬದಲಿಸಿ ಮಗುವನ್ನು ಎತ್ತಿಕೊಳ್ಳಿ.

ಇನ್ನು ಪಂದ್ಯದ ದಿನ. ದೊಡ್ಡ ಪಂದ್ಯಗಳಲ್ಲಿ ನಿಮ್ಮ ಚೀಲದಿಂದ ತೋಟಗಳನ್ನು ಎತ್ತಿಕೊಂಡು ಹೋಗಿ, ಒಂದರ ಗುಂಡನ್ನು ಕಿತ್ತು ತೂಗಿ, ಉಳಿದವನ್ನು ನಿಮ್ಮದೇ ಪಿಸ್ತೂಲಿನಲ್ಲಿ ಹಾರಿಸಿ ವೇಗ ಅಳೆಯುತ್ತಾರೆ. 125 ಮುಟ್ಟದಿದ್ದರೆ ಅಂಕವೇ ಇಲ್ಲ, ಪ್ರವೇಶ ಶುಲ್ಕ ಕಟ್ಟಿ ಸುಮ್ಮನೆ ಗುಂಡು ಹಾರಿಸಿದಂತೆ. ಮೇಜರ್ ಘೋಷಿಸಿ 165 ಮುಟ್ಟದಿದ್ದರೆ ಇಡೀ ಪಂದ್ಯ ಮೈನರ್ ಲೆಕ್ಕಕ್ಕೆ ಇಳಿಯುತ್ತದೆ. ಚಳಿಗೆ ಕೆಲವು ಮದ್ದುಗಳು ಮಂಕಾಗುತ್ತವೆ, ಒಂದು ಕ್ರೋನೋಗ್ರಾಫ್‌ನಿಂದ ಇನ್ನೊಂದಕ್ಕೆ ಅಳತೆಯೂ ತುಸು ಬದಲಾಗುತ್ತದೆ. ಅದಕ್ಕೇ 126ಕ್ಕೆ ತೃಪ್ತರಾಗದೆ 130ರ ಹತ್ತಿರ ಇಡಿ ಎನ್ನುವುದು.

ಪಂದ್ಯದ ಮೈದಾನದಲ್ಲಿ ಪಿಸ್ತೂಲು ಯಾವಾಗಲೂ ಖಾಲಿಯಾಗಿ ಹೋಲ್‌ಸ್ಟರಿನಲ್ಲೇ ಇರಬೇಕು, ರೇಂಜ್ ಆಫೀಸರ್ ಹೇಳಿದಾಗ ಮಾತ್ರ ತೋಟ ತುಂಬಬೇಕು. ಪಿಸ್ತೂಲು ಮುಟ್ಟಲೇಬೇಕಾದರೆ ಅದಕ್ಕೆಂದು ಮೀಸಲಾದ ಮೇಜಿದೆ, ಅಲ್ಲಿ ತೋಟ ಮುಟ್ಟುವ ಹಾಗಿಲ್ಲ. ಓಡುವಾಗ ಬೆರಳು ಟ್ರಿಗರ್‌ನಿಂದ ಹೊರಗಿರಬೇಕು, ಮೂತಿ ಎಡಬಲದ ಗೆರೆ ದಾಟಿ ಹಿಂದಕ್ಕೆ ತಿರುಗಬಾರದು, ಪಿಸ್ತೂಲು ಕೈಜಾರಿ ಬೀಳಬಾರದು. ಇವುಗಳಲ್ಲಿ ಒಂದು ತಪ್ಪಿದರೂ ಆ ದಿನದ ಆಟ ಮುಗಿಯಿತು, ವಿಶ್ವ ಚಾಂಪಿಯನ್ ಆದರೂ ಇದೇ ನಿಯಮ. ಯಾರೂ ಮುಖ ನೋಡಿ ರಿಯಾಯಿತಿ ಕೊಡುವುದಿಲ್ಲ. ಇಷ್ಟು ಜನ ಬಂದೂಕು ಹಿಡಿದು ಓಡಾಡುವ ಆಟ ಸುರಕ್ಷಿತವಾಗಿ ಉಳಿದಿರುವುದು ಈ ಬಿಗಿಯಿಂದಲೇ.

ಏನನ್ನೂ ಕೊಳ್ಳುವ ಮುನ್ನ ಹತ್ತಿರದ ಕ್ಲಬ್ಬಿನ ಒಂದು ಪಂದ್ಯಕ್ಕೆ ಬರಿಗೈಯಲ್ಲಿ ಹೋಗಿ. ಕಿವಿ, ಕಣ್ಣಿನ ರಕ್ಷಣೆ ಮಾತ್ರ ಒಯ್ಯಿರಿ. ಒಂದು ತಂಡದ ಜೊತೆ ಸುತ್ತಿ, ಗುರಿಗಳಿಗೆ ಸ್ಟಿಕ್ಕರ್ ಅಂಟಿಸಿ, ಬಿದ್ದ ಫಲಕಗಳನ್ನು ಎತ್ತಿ ನಿಲ್ಲಿಸಿ. ಕೆಲಸಕ್ಕೆ ಕೈ ಹಾಕಿದವರೊಡನೆ ಎಲ್ಲರೂ ಮಾತಾಡುತ್ತಾರೆ. ಯಾವ ಡಿವಿಷನ್‌ನಲ್ಲಿ ಎಷ್ಟು ಜನ ಆಡುತ್ತಾರೆ, ಯಾವ ಪಿಸ್ತೂಲು ಪದೇಪದೇ ಕೈಕೊಡುತ್ತದೆ, ಯಾರು ಕಟ್ಟಿದ ತೋಟ ಸಿಕ್ಕಿಹಾಕಿಕೊಳ್ಳುತ್ತದೆ, ಎಲ್ಲ ಕಣ್ಣೆದುರೇ ಕಾಣುತ್ತದೆ. ಹೆಚ್ಚಿನ ಕ್ಲಬ್ಬುಗಳು ಹೊಸಬರಿಗಾಗಿ ಸುರಕ್ಷತೆಯ ತರಗತಿ ನಡೆಸುತ್ತವೆ, ಹೊರಡುವ ಮುನ್ನ ಅದಕ್ಕೆ ಹೆಸರು ಬರೆಸಿ ಬನ್ನಿ.